ಹರಿದ ಸೀರೆ ಸಿಗದ ಊರು

ನಮ್ಮೂರಿಗೆ ಸಿನಿಮಾದವರು ಬಂದ ಮೊದಲ ದಿನವೇ ಹರಿದ ಸೀರೆಗಾಗಿ ಮನೆ ಮನೆ ಅಲೆದರು. ಒಂದೂ ಸಿಗಲಿಲ್ಲ. ಬಡವರ ಓಣಿ ಯಾವುದೆಂದು ಕೇಳಿದವರಿಗೆ ಯಾರೋ ನಮ್ಮ ಓಣಿಯ ಕಡೆ ಕೈ ಮಾಡಿದ್ದರು. ಬಾಗಿಲು ಬಾಗಿಲಿಗೆ ನಿಂತು, "ಹಳೇದು, ಹರಿದದ್ದು, ಏನಿದ್ರೂ ಕೊಡಿ ಅಮ್ಮಾ" ಎಂದು ಕೇಳುತ್ತಿದ್ದರೆ ನಮ್ಮ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾರಿನಲ್ಲಿ ಬಂದವರು ಹರಕು ಬೇಡುವುದನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ.

"ಹರದದ್ದ ಎಲ್ಲಿಂದ ತರೂಣ್ರಿ? ನಮ್ಮಲ್ಲಿ ಸೀರಿ ಹರಿಯೂಕಿಂತ ಮೊದ್ಲ ಕೌದಿ ಆಗಿರ್ತಾವು" ಅಂದಳು ನಮ್ಮವ್ವ.

ಅವಳು ಸುಳ್ಳು ಹೇಳಿರಲಿಲ್ಲ. ಕುಂದಗೋಳ ತಾಲೂಕಿನ ನಮ್ಮೂರು ಗುಡಗೇರಿ ಸಂತೆಗೆ ನಡೆದು ಹೋಗಿ ಬರುವಷ್ಟು ದೂರ. ನಮ್ಮ ಓಣಿಯವರೆಲ್ಲ ಕಂಡವರ ಹೊಲದಲ್ಲಿ ಕಸ ತೆಗೆದು, ಉಳ್ಳಾಗಡ್ಡಿ ಕಿತ್ತು, ಚೀಲ ಹೊತ್ತು ಬಾಳಿದವರು. ಆದರೆ ಹರಿದದ್ದನ್ನು ಉಟ್ಟು ಓಣಿ ದಾಟುವುದು ನಮ್ಮಲ್ಲಿ ಸೂತಕಕ್ಕಿಂತ ಕಡೆ. ಸೀರೆ ಸೀಳು ಬಿಟ್ಟ ದಿನವೇ ಅದನ್ನು ಒಗೆದು, ಒಣಗಿಸಿ, ಗಂಟು ಕಟ್ಟಿ ಇಡುತ್ತಾರೆ. ಅಂಥ ನಾಲ್ಕಾರು ಸೀರೆ, ಎರಡು ಧೋತರ, ಮಕ್ಕಳ ಸಾಲಿ ಅಂಗಿ ಕೂಡಿದರೆ ಒಂದು ಕೌದಿ. ಬೇಸಿಗೆಯಲ್ಲಿ ಹೊಲದ ಕೆಲಸ ತೀರಿದ ಮೇಲೆ ಅವನ್ನು ಪದರಪದರವಾಗಿ ಹಾಸಿ, ನಾಲ್ಕು ಮಂದಿ ನಾಲ್ಕು ಕಡೆಯಿಂದ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಆ ಕೆಲಸದಲ್ಲಿ ನಮ್ಮವ್ವನದು ದೊಡ್ಡ ಹೆಸರು. ಕೌದಿಯ ನಟ್ಟನಡುವೆ ಅವಳು ಒಂದು ಚೌಕ ತುಂಡು ಹಚ್ಚುತ್ತಾಳೆ. ಅದರ ಒಳಗೆ ಹೋಳಿಗೆಯದೋ ಚಪಾತಿಯದೋ ಒಂದು ಚೂರು ಇಟ್ಟು ಹೊಲಿದುಬಿಡುತ್ತಾಳೆ. ಅದು ಕೌದಿಯ ಹೊಟ್ಟೆ. "ಹಸದ ಕೌದಿ ಹೊಚಗೊಂಡ್ರ ಥಂಡಿ ಹೋಗಾಂಗಿಲ್ಲ" ಅನ್ನುತ್ತಾಳೆ.

ಸೀರೆ ಸಿಗದೆ ಹೋದಾಗ ಸಿನಿಮಾದವರ ಕಣ್ಣು ನಮ್ಮ ಪಡಸಾಲೆಯಲ್ಲಿ ಹಾಸಿದ್ದ ಕೌದಿಯ ಮೇಲೆ ಬಿತ್ತು. ಅದರ ಹೊಟ್ಟೆ ನಮ್ಮಪ್ಪನ ಅವ್ವ, ಅಂದರೆ ನಮ್ಮ ಅಜ್ಜಿ ಉಡುತ್ತಿದ್ದ ಹಸಿರು ಸೀರೆಯ ತುಂಡು. ಸುತ್ತ ನನ್ನ ಸಾಲಿ ಅಂಗಿಯ ನೀಲಿ, ಅಪ್ಪನ ಧೋತರದ ಬಿಳಿ. "ಇದು ಸಖತ್ತಾಗಿದೆ, ಹೀರೋಯಿನ್ ಗುಡಿಸಲಿಗೆ ಇರಲಿ" ಎಂದರು. ಅವ್ವನಿಗೆ ಹಿಗ್ಗೋ ಹಿಗ್ಗು. ಝಾಡಿಸಿ, ಮಡಚಿ, ತಾನೇ ಹೊತ್ತು ಅವರ ಗಾಡಿಯ ತನಕ ಕೊಟ್ಟು ಬಂದಳು.

ಸಿನಿಮಾದ ಕಥೆ ನಿಮಗೆ ಗೊತ್ತಿದ್ದದ್ದೇ. ಸಾಹುಕಾರ ಗೌಡರ ಮಗ ಪಟ್ಟಣದಿಂದ ಕಾರಿನಲ್ಲಿ ಬರುತ್ತಾನೆ. ಬಡವರ ಹುಡುಗಿ ಆಡಿನ ಮರಿ ಎತ್ತಿಕೊಂಡು ಓಡುತ್ತಾ ಅವನ ಕಾರಿಗೆ ಅಡ್ಡ ಬರುತ್ತಾಳೆ. ಪ್ರೀತಿ ಹುಟ್ಟುತ್ತದೆ. ಯಪ್ಪಾ, ಆಡು ಕಾಯುವವರನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಮರಿ ಎತ್ತಿಕೊಂಡು ನಗುತ್ತಾ ಓಡಿದವರನ್ನು ಒಬ್ಬರನ್ನೂ ನೋಡಿಲ್ಲ. ಆ ಹುಡುಗಿ ಹೀರೋನ ಫೋನು ನೋಡಿ ಹಾವು ಕಂಡಂತೆ ಬೆಚ್ಚಿಬೀಳಬೇಕಿತ್ತು. ಅವಳು ಬೆಚ್ಚಿಬೀಳುವುದನ್ನು ನಮ್ಮ ಓಣಿಯ ಹುಡುಗಿಯರು ಸುತ್ತ ನಿಂತು ತಮ್ಮ ತಮ್ಮ ಫೋನಿನಲ್ಲಿ ಹಿಡಿಯುತ್ತಿದ್ದರು. ಹೀರೋಯಿನ್ ಬಿಳೀ ಹುಡುಗಿ, ಒಳ್ಳೆಯವಳೇ. ದಿನಾ ಮುಂಜಾನೆ ಅವಳ ಮುಖಕ್ಕೆ, ಕೈಗೆ ಕಂದು ಬಣ್ಣ ಬಳಿದು ಬಡವಳನ್ನಾಗಿ ಮಾಡುತ್ತಿದ್ದರು. ಬಿಸಿಲಿಗೆ ಬೆವೆತು ಬಣ್ಣ ಇಳಿದಾಗಲೆಲ್ಲ ಶೂಟಿಂಗ್ ನಿಲ್ಲುತ್ತಿತ್ತು. "ಸಾಹುಕಾರ್ತಿ ಆಗಾಕ ಹತ್ಯಾಳ ನೋಡ್ರಿ, ಓಡ್ರಿ" ಎಂದು ನಮ್ಮ ಮಂದಿ ನಗುತ್ತಿದ್ದರು.

ಆಮೇಲೆ ಊರವರಿಗೂ ಸಣ್ಣ ಸಣ್ಣ ಪಾತ್ರ ಕೊಡುತ್ತೇವೆಂದರು. ಹೀರೋಯಿನ್ನಿನ ಕುಡುಕ ಅಪ್ಪನ ಪಾತ್ರಕ್ಕೆ ಯಾರೋ ನಮ್ಮಪ್ಪನನ್ನು ಮುಂದೆ ದಬ್ಬಿದರು. ನಮ್ಮಪ್ಪ ಗುಡಗೇರಿಯ ಕಾಳಿನ ಅಂಗಡಿಗಳಲ್ಲಿ ಹಮಾಲಿ ಮಾಡಿದವನು, ಬೆನ್ನಿನ ಮೇಲೆ ಚೀಲ ಹೊತ್ತು ಹೊತ್ತು ಗಟ್ಟಿಯಾದ ಮೈ. ಕೆಲಸದಿಂದ ಬಂದು ಮೈ ತೊಳೆದನೆಂದರೆ ನೀಲಿ ಹಾಕಿ ಒಗೆದ ಬಿಳೀ ಧೋತರ, ಬಿಳೀ ಅಂಗಿ, ತಲೆಯ ಮೇಲೆ ಟೊಪಿಗೆ. ಸೆರೆ ಮುಟ್ಟಿದವನಲ್ಲ. ನಿರ್ದೇಶಕರು ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿ, "ಇವರು ಬೇಡಪ್ಪಾ, ಗೌಡರ ಥರ ಕಾಣ್ತಾರೆ" ಅಂದರು.

ನಿಜವಾದ ಗೌಡರು ಅಲ್ಲೇ ಇದ್ದರು. ಸಣಕಲು ಮೈ, ಬಣ್ಣಗೆಟ್ಟ ಲುಂಗಿ, ಬನಿಯನ್ನು, ಬಾಯಲ್ಲಿ ಬೇವಿನ ಕಡ್ಡಿ. ತಮ್ಮದೇ ವಾಡೆಯ ಅಂಗಳದಲ್ಲಿ ಶೂಟಿಂಗ್ ನೋಡಲು ನಿಂತವರಿಗೆ ಲೈಟಿನವನೊಬ್ಬ, "ಏ ಅಜ್ಜಾ, ಆ ಕಡೆ ಸರ್ಕೋ" ಎಂದ. ಗೌಡರು ಸರಿದುಕೊಂಡರು. ಅಂಗಳಕ್ಕೆ ಅಂಗಳವೇ ಉಸಿರು ಹಿಡಿದು, ಮರುಗಳಿಗೆ ಮುಸಿಮುಸಿ ನಕ್ಕಿತು. ಸಿನಿಮಾದ ಗೌಡರು ಬೆಂಗಳೂರಿನಿಂದ ಬಂದಿದ್ದರು. ಹುರಿ ಮೀಸೆ, ಎತ್ತಿಗೆ ಕಟ್ಟುವ ಹಗ್ಗದಷ್ಟು ದಪ್ಪದ ಚೈನು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅನ್ನುತ್ತಾರಲ್ಲ, ಆ ಪರರು ಯಾರೆಂಬುದು ನನಗೆ ಗೊತ್ತಾದದ್ದು ಆ ವಾರ.

ನಾನೂ ಬರೀ ನಗುತ್ತಾ ನಿಂತವಳಲ್ಲ. ನನ್ನದೂ ಒಂದು ಪಾಲಿದೆ, ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ಆಗ ನಾನು ಧಾರವಾಡದಲ್ಲಿ ಕನ್ನಡ ಎಂ.ಎ. ಮುಗಿಸಿ, ಊರ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿದ್ದೆ. ಮಾತುಗಳನ್ನು ನಮ್ಮ ಕಡೆಯ ಕನ್ನಡಕ್ಕೆ ತಿರುಗಿಸುವವರು ಬೇಕಾಗಿದ್ದಾರೆ ಎಂದು ನಿರ್ದೇಶಕರು ಸಾಲಿಗೆ ಬಂದು ಕೇಳಿದರು. ಕೊನೆಯಲ್ಲಿ ತೆರೆಯ ಮೇಲೆ ಹೆಸರು ಹಾಕುತ್ತೇವೆ ಅಂದರು. ಹೆಸರು! ನಾನು ಆವತ್ತು ನೆಲದ ಮೇಲೆ ಕಾಲಿಟ್ಟು ನಡೆಯಲಿಲ್ಲ. ಕೊಟ್ಟ ಹಾಳೆಗಳನ್ನೆಲ್ಲ ಎರಡೇ ದಿನದಲ್ಲಿ ತಿರುಗಿಸಿ ಕೊಟ್ಟೆ. 'ಬನ್ನಿ' ಇದ್ದಲ್ಲಿ 'ಬರ್ರಿ', 'ಏಕೆ' ಇದ್ದಲ್ಲಿ 'ಯಾಕ'. ಆಡಿನ ಮರಿಯನ್ನು ಯಾಕೆ ಎತ್ತಿಕೊಂಡು ಓಡುತ್ತಾಳೆಂದು ಕೇಳಲಿಲ್ಲ. ಫೋನಿಗೆ ಯಾಕೆ ಹೆದರುತ್ತಾಳೆಂದೂ ಕೇಳಲಿಲ್ಲ. ಕೇಳಿದರೆ ಹೆಸರು ಹೋದೀತೆಂಬ ಅಂಜಿಕೆ.

ಆ ಹಾಳೆಗಳಲ್ಲಿ ಒಂದು ದೃಶ್ಯ ಹೀಗಿತ್ತು. ಮಗ ಬಡವರ ಹುಡುಗಿಯ ಹಿಂದೆ ಬಿದ್ದಿರುವುದು ಗೌಡರಿಗೆ ಗೊತ್ತಾಗುತ್ತದೆ. ಹುಡುಗಿಯ ತಾಯಿ ವಾಡೆಗೆ ಬಂದು, ಗೌಡರ ಕಾಲಿಗೆ ಬಿದ್ದು, ಕ್ಷಮೆ ಕೇಳುತ್ತಾಳೆ. ಆಗ ಹೀರೋ ಒಳಗಿನಿಂದ ಓಡಿ ಬಂದು ಅವಳನ್ನು ಎತ್ತಿ ನಿಲ್ಲಿಸಿ, ಅಪ್ಪನಿಗೆ ಎದುರು ಮಾತಾಡುತ್ತಾನೆ. ತಾಯಿಯ ಮಾತನ್ನು ನಾನು ತಿರುಗಿಸಿದ್ದು ಹೀಗೆ: "ನಾವು ನಿಮ್ಮ ಹೊಸ್ತಲ ಧೂಳ್ರಿ ಎಪ್ಪಾ. ನಮ್ಮ ಕೂಸು ತಿಳೀದ ತಪ್ಪ ಮಾಡೈತಿ. ಹೊಟ್ಯಾಗ ಹಾಕ್ಕೊಂಡ ಬಿಡ್ರಿ." ನಿರ್ದೇಶಕರು ಓದಿಸಿ ಕೇಳಿ, ಕಣ್ಣು ಒರೆಸಿಕೊಂಡು, "ಮೇಡಂ, ಇದು ಬೇರೆ ಯಾರಿಂದಲೂ ಆಗ್ತಿರಲಿಲ್ಲ" ಅಂದರು. ಆ ಮಾತಿಗೆ ನಾನು ಹಿಗ್ಗಿದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಯಾಕೆಂದರೆ ಆ ಅಂಗಳದಲ್ಲಿ ಒಬ್ಬಳು ನಿಜವಾಗಿ ಬಿದ್ದಿದ್ದಳು. ನನಗದು ಗೊತ್ತಿತ್ತು.

ಅವ್ವ ಮದುವೆಯಾಗಿ ಬಂದ ಹೊಸತು. ತವರಿನಲ್ಲಿ ಕೊಡಿಸಿದ ಹೊಸ ಚಪ್ಪಲಿ ಮೆಟ್ಟಿಕೊಂಡು ವಾಡೆಯ ಮುಂದಿನ ಹಾದಿಯಲ್ಲಿ ಹೋಗಿಬಿಟ್ಟಳು. ವಾಡೆಯ ಮುಂದೆ ನಮ್ಮ ಓಣಿಯವರು ಚಪ್ಪಲಿ ಕೈಯಲ್ಲಿ ಹಿಡಿಯಬೇಕೆಂಬುದು ಪರ ಊರಿನ ಅವಳಿಗೆ ಹೇಗೆ ಗೊತ್ತಾಗಬೇಕು? ಈಗಿನ ಗೌಡರ ಅಪ್ಪ ಆಗ ಇದ್ದ. ಹೇಳಿ ಕಳಿಸಿದ. ಅಜ್ಜಿ ಸೊಸೆಯನ್ನು ಕರೆದುಕೊಂಡು ಹೋಗಿ, ತನ್ನ ಹಸಿರು ಸೀರೆಯ ಸೆರಗು ಒಡ್ಡಿ, ಆ ಅಂಗಳದ ಮಣ್ಣಿನಲ್ಲಿ ಉದ್ದಕ್ಕೆ ಬಿದ್ದಳು. ಅವ್ವ ಬಾಜು ನಿಂತು ನೋಡಿದಳು. "ನನ್ನ ಸಲುವಾಗಿ ಮುದುಕಿ ಬಿತ್ತು. ಆವತ್ತ ಆಣಿ ಮಾಡೇನಿ, ನನ್ನ ತಲಿ ಆ ಅಂಗಳದಾಗ ಬಗ್ಗಾಂಗಿಲ್ಲ" ಎಂದು ನನಗೆ ಎಷ್ಟು ಸಲ ಹೇಳಿದ್ದಾಳೋ. ಚಪ್ಪಲಿಯ ಪದ್ಧತಿ ಈಗ ಯಾರೂ ಹೇಳುವುದಿಲ್ಲ. ಆದರೂ ನಮ್ಮ ಓಣಿಯ ಹಿರಿಯರ ಕಾಲು ವಾಡೆಯ ಮುಂದೆ ತಾನಾಗಿಯೇ ಚಪ್ಪಲಿ ಬಿಡುತ್ತದೆ. ಅವ್ವನ ಕಾಲು ಮಾತ್ರ ಬಿಟ್ಟದ್ದಿಲ್ಲ.

ತಾಯಿಯ ಪಾತ್ರಕ್ಕೆಂದು ಹುಬ್ಬಳ್ಳಿಯಿಂದ ಬರಬೇಕಿದ್ದವರು ಬರಲಿಲ್ಲ. ಕೌದಿ ಕೊಡುವಾಗ ನೋಡಿದ ಅವ್ವನ ಮುಖ ನಿರ್ದೇಶಕರಿಗೆ ನೆನಪಿತ್ತು. ಬಂದು ಕೇಳಿದರು. ಅವ್ವ ನನ್ನ ಕಡೆ ನೋಡಿದಳು. "ಏನ ಬೇ, ಏನ ಮಾಡೂದೈತಿ?"

"ವಾಡೇಕ ಹೋಗಿ ಗೌಡ್ರ ಜೋಡಿ ಮಗಳ ಮದ್ವಿ ಮಾತಾಡೂದವ್ವಾ" ಅಂದೆ.

ಅವ್ವನಿಗೆ ಓದಲು ಬರುವುದಿಲ್ಲ. ಹಾಳೆ ನನ್ನ ಕೈಯಲ್ಲಿತ್ತು. ಬೀಳುವುದನ್ನು ಹೇಳಲಿಲ್ಲ. ಮಾತು ಕಲಿಸುವಾಗಲೂ ಹೊಸ್ತಿಲ ಧೂಳು ಬಿಟ್ಟು, "ನಮ್ಮ ಕೂಸು ತಪ್ಪ ಮಾಡೈತಿ" ಅಷ್ಟೇ ಕಲಿಸಿದೆ. ಕ್ಯಾಮೆರಾ ಮುಂದೆ ನಿಂತಾಗ ನಾಲ್ಕು ಮಂದಿ ಹೇಳಿದರೆ ಬಿದ್ದಾಳು, ಸಿನಿಮಾ ತಾನೇ, ಎಂದು ನನ್ನ ಲೆಕ್ಕ. ಓದಿದವರ ಖೋಡಿತನ ಓದದವರಿಗೆ ಬರುವುದಿಲ್ಲ ನೋಡಿ.

ಶೂಟಿಂಗಿನ ದಿನ ಅವ್ವ ತಲೆಗೆ ಎರೆದುಕೊಂಡು, ನನ್ನ ಮೊದಲ ಸಂಬಳದಲ್ಲಿ ತಂದಿದ್ದ ಇಳಕಲ್ ಸೀರೆ ಉಟ್ಟು, ಹಣೆ ತುಂಬ ಕುಂಕುಮ ಹಚ್ಚಿ, ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಬಡವಳ ಪಾತ್ರಕ್ಕೆ ಬಡವಳು ತನ್ನ ಹತ್ತಿರವಿದ್ದ ಅತಿ ಚಂದದ ಸೀರೆ ಉಟ್ಟು ಬಂದಿದ್ದಳು. ಮಗಳ ಮದುವೆ ಮಾತಿಗೆ ಹೋಗುವಾಗ ಮತ್ತೇನು ಉಟ್ಟಾಳು? ಸಿನಿಮಾದವರು ತಲೆ ಮೇಲೆ ಕೈ ಹೊತ್ತರು. ಒಳಗೆ ಕರೆದುಕೊಂಡು ಹೋಗಿ ಬೇರೆ ಸೀರೆ ಉಡಿಸಿದರು. ಊರಲ್ಲಿ ಹರಕು ಸಿಗಲಿಲ್ಲವೆಂದು ಹೊಸ ಸೀರೆ ತಂದು, ಕಲ್ಲಿಗೆ ಉಜ್ಜಿ, ಚಹಾದ ನೀರಲ್ಲಿ ಅದ್ದಿ, ಅಲ್ಲಲ್ಲಿ ಬ್ಲೇಡು ಹಾಕಿ ಹಳೆಯದು ಮಾಡಿದ್ದರು.

"ಹೊಸಾ ಸೀರಿ ಕೊಯ್ದಾರಲ್ಲ ಬೇ! ಇವರ ಬಾಯಾಗ ಮಣ್ಣ ಹಾಕ" ಎಂದು ಬಾಗಿಲಲ್ಲಿ ನಿಂತ ನಮ್ಮ ಓಣಿಯವಳೊಬ್ಬಳು ಕೂಗಿಯೇಬಿಟ್ಟಳು.

ಅವ್ವ ಅದನ್ನೇ ಉಟ್ಟಳು. ಅಂಗಳಕ್ಕೆ ಬಂದಳು. ನಿರ್ದೇಶಕರು ಒಮ್ಮೆ ಕೆಮ್ಮಿ ತೋರಿಸಿ ಅಂದರು.

"ನನಗ ಕೆಮ್ಮ ಇಲ್ರಿ."

"ಇಲ್ಲ ಅಂತ ಗೊತ್ತಮ್ಮಾ. ಪಾತ್ರಕ್ಕೆ ಇದೆ."

"ಔಷಧ ತಗೊಳ್ಳಾಕ ಹೇಳ್ರಿ ಆಕಿಗೆ" ಅಂದಳು. ಮಂದಿ ಹೋ ಎಂದು ನಕ್ಕಿತು. ಕೆಮ್ಮು ಅಲ್ಲಿಗೇ ಹೋಯಿತು. ನಾನೂ ನಕ್ಕೆ.

ಹುರಿ ಮೀಸೆಯ ನಟರು ಕುರ್ಚಿಯ ಮೇಲೆ ಕೂತು ಕಾಲು ಮುಂದೆ ಚಾಚಿದರು. ಅಂಗಳದ ಸುತ್ತ ಊರಿಗೆ ಊರೇ ನಿಂತಿತ್ತು. ನಿಜವಾದ ಗೌಡರು ಕಟ್ಟೆಯ ತುದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದರು. ಆಗ ನಿರ್ದೇಶಕರು ಅವ್ವನಿಗೆ ಹೇಳಿದರು: "ಅಲ್ಲಿಂದ ಓಡಿ ಬಂದು ಇವರ ಕಾಲಿಗೆ ಬೀಳಬೇಕು. ಬಿದ್ದು ಡೈಲಾಗ್ ಹೇಳಬೇಕು."

ಅವ್ವ ಅವರ ಮುಖ ನೋಡಿದಳು. ಆಮೇಲೆ ಅಂಗಳದ ಮಣ್ಣು ನೋಡಿದಳು.

"ಯಾಕ ಬೀಳಬೇಕ್ರಿ?"

"ನಿಮ್ಮ ಮಗಳು ಅವರ ಮಗನನ್ನ ಪ್ರೀತಿಸಿದ್ದಾಳಲ್ಲಮ್ಮಾ."

"ಹುಡುಗಿ ಹಿಂದ ಬಿದ್ದಾಂವ ಅವ. ಕಾರ ತಗೊಂಡ ಓಣ್ಯಾಗ ತಿರುಗಿದಾಂವ ಅವ. ತಪ್ಪ ನಮ್ಮದು ಹೆಂಗಾತ್ರಿ?" ಅವ್ವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. "ನಮ್ಮಲ್ಲಿ ಹೆಣ್ಣ ಕೇಳಾಕ ಗಂಡಿನವರ ಬರ್ತಾರ್ರಿ. ಹೆಣ್ಣಿನವರು ಹೋಗಿ ಕಾಲಿಗೆ ಬೀಳೂದು ಯಾವೂರ ಪದ್ಧತಿ?"

ನಿರ್ದೇಶಕರು ಇದು ಪಾತ್ರ, ಇದು ನಟನೆ, ಎಂದು ಬಿಡಿಸಿ ಬಿಡಿಸಿ ಹೇಳಿದರು. ಕೆಟ್ಟ ಮನುಷ್ಯನಲ್ಲ ಆತ, ಸುಸ್ತಾಗಿದ್ದ. ಬಿಸಿಲು ಏರುತ್ತಿತ್ತು. "ಬಡವರು ಅಂದ್ಮೇಲೆ ಹೆದರಿಕೆ ಇರುತ್ತಲ್ಲಮ್ಮಾ" ಎಂದ.

"ನಾನ ಬಡವಿ ಅದೀನಲ್ರಿ" ಅಂದಳು ಅವ್ವ. "ನನ್ನ ಕೇಳ್ರಿ."

ಕಟ್ಟೆಯ ತುದಿಯಿಂದ ಗೌಡರು ಎದ್ದರು. "ಬೀಳ ಬೇ, ಸಿನಿಮಾ ಐತಿ. ಎಲ್ಲಾರಿಗೂ ಹೊತ್ತಾತು. ಬಿದ್ದ ಎದ್ರ ಮುಗೀತು" ಅಂದರು. ಅವ್ವ ಅವರದೇ ಹೊಲದಲ್ಲಿ ಕೆಲಸ ಮಾಡುವವಳು. ವರ್ಷಕ್ಕೆ ಆರು ತಿಂಗಳ ಕೂಲಿ ಅಲ್ಲಿಂದಲೇ. ಅದು ಊರಿಗೆಲ್ಲ ಗೊತ್ತಿತ್ತು.

"ಹಂಗಾರ ನೀವ ಬೀಳ್ರಿ ಗೌಡ್ರ. ಸಿನಿಮಾ ಐತಿ" ಅಂದಳು ಅವ್ವ.

ಯಾರೂ ನಗಲಿಲ್ಲ. ಗೌಡರ ಬಾಯಿಂದ ಬೇವಿನ ಕಡ್ಡಿ ಕೈಗೆ ಬಂತು. ಬಡವನ ಸಿಟ್ಟು ದವಡೆಗೆ ಮೂಲ ಎಂದು ನಮ್ಮ ಓಣಿಯ ಹಿರಿಯರು ನಮ್ಮನ್ನು ಅಂಜಿಸುತ್ತಾ ಬಂದ ಗಾದೆ ನನಗೆ ಆಗ ನೆನಪಾಯಿತು. ಅಂಜಿದೆ. ಸುಳ್ಳು ಯಾಕೆ ಹೇಳಲಿ, ಅವ್ವನ ಬಗ್ಗೆ ಹೆಮ್ಮೆ ಪಡುವ ಮೊದಲು ನಾನು ಅಂಜಿದೆ.

"ಮೇಡಂ, ನೀವಾದ್ರೂ ಹೇಳಿ" ಎಂದು ನಿರ್ದೇಶಕರು ನನ್ನನ್ನು ಕರೆದರು. ಹೋದೆ. ಅವ್ವನ ಕಿವಿಯ ಹತ್ತಿರ ಬಗ್ಗಿ, "ಅವ್ವಾ, ಒಂದ ಸಲ ಬಿದ್ದಬಿಡ. ನನ್ನ ಸಲುವಾಗಿ" ಅಂದೆ.

ನನ್ನ ಸಲುವಾಗಿ. ಅಜ್ಜಿ ಸೊಸೆಯ ಸಲುವಾಗಿ ಬಿದ್ದಿದ್ದಳಲ್ಲ, ಅದೇ ಮಾತು. ಬಾಯಿಂದ ಬಿದ್ದ ಮೇಲೆ ನನಗೇ ಕೇಳಿಸಿತು.

ಅವ್ವ ನನ್ನನ್ನೇ ನೋಡಿದಳು. "ಬೀಳೂದು ನಿನಗ ಮೊದ್ಲ ಗೊತ್ತಿತ್ತೇನು?"

"ಹೂಂ."

"ಬರದಾಕಿ ನೀನ?"

"ಬೀಳೂದು ಮೊದ್ಲ ಇತ್ತವ್ವಾ. ನಾ ಬರೇ ಮಾತ ಬರ್ದೇನಿ."

"ಏನೈತಿ ಮಾತು? ಪೂರಾ ಓದು."

ಇಡೀ ಊರಿನ ಮುಂದೆ ಓದಿದೆ. ನಾವು ನಿಮ್ಮ ಹೊಸ್ತಲ ಧೂಳ್ರಿ ಎಪ್ಪಾ. ಇಷ್ಟು ದಿನ ಹೂವಿನಂತೆ ಕಂಡಿದ್ದ ಮಾತು ಬಾಯಲ್ಲಿ ಕಲ್ಲು ಕಡಿದಂತಾಯಿತು. ಓದಿ ಮುಗಿಸುವಾಗ ನನ್ನ ಕಣ್ಣಲ್ಲಿ ನೀರಿತ್ತು. ಅವ್ವನ ಕಣ್ಣಲ್ಲಿ ಇರಲಿಲ್ಲ.

"ಚಂದ ಬರ್ದೀ" ಅಂದಳು. "ಈಗ ಬ್ಯಾರೆ ಬರಿ."

ಅಲ್ಲೇ ನಿಂತಲ್ಲಿ ನಿಂತು, ಹಾಳೆಯ ಹಿಂದೆ ಬರೆದೆ. ಅವ್ವ ಒಂದು ಸಲ ಕೇಳಿದಳು, ಒಂದು ಶಬ್ದ ತಿದ್ದಿದಳು, ಸಾಕು ಅಂದಳು. ನಾನು ನಿರ್ದೇಶಕರ ಕಡೆ ತಿರುಗಿ, "ಸರ್, ನಮ್ಮವ್ವ ಬೀಳಾಂಗಿಲ್ಲ. ಆಕಿ ಹೇಳೂದನ್ನ ಒಂದ ಸಲ ತಗೋರಿ. ಆಮ್ಯಾಲ ನಿಮ್ಮ ಮರ್ಜಿ" ಅಂದೆ. ನನ್ನ ದನಿ ನನಗೇ ಹೊಸದಾಗಿತ್ತು. ಆತ ಗಡಿಯಾರ ನೋಡಿ, ಆಗಲಿ ಎಂದು ಕೈ ಆಡಿಸಿದ.

ಕ್ಯಾಮೆರಾ ತಿರುಗಿತು. ಅವ್ವ ಓಡಲಿಲ್ಲ, ನಡೆದು ಬಂದಳು. ಕುರ್ಚಿಯ ಮುಂದೆ ನಿಂತು, ಬ್ಲೇಡು ಹಾಕಿದ ಸೆರಗನ್ನು ಇಳಕಲ್ ಸೆರಗಿನ ಹಾಗೆಯೇ ತಲೆಯ ಮೇಲೆ ಸರಿಮಾಡಿಕೊಂಡು ಹೇಳಿದಳು: "ಗೌಡ್ರ, ನಿಮ್ಮ ಹುಡುಗ ದಿನಾ ನಮ್ಮ ಬಾಗಲಿಗೆ ಬರಾಕತ್ತಾನ. ಮನಸ್ಸ ಇದ್ರ ಹಿರಿಯಾರು ಬರ್ರಿ. ಚಾ ಕುಡದ ಮಾತಾಡೂಣು. ಮನಸ್ಸ ಇಲ್ಲಂದ್ರ ಅವನ್ನ ಕಟ್ಟಿಹಾಕ್ರಿ."

ಒಂದೇ ಸಲಕ್ಕೆ. ಹುರಿ ಮೀಸೆಯ ನಟರು ಚಾಚಿದ್ದ ಕಾಲನ್ನು ತಾವಾಗಿಯೇ ಹಿಂದಕ್ಕೆ ಎಳೆದುಕೊಂಡರು. ಲೈಟಿನವರು ಚಪ್ಪಾಳೆ ಹೊಡೆದರು. ನಮ್ಮ ಓಣಿಯವರು ಹೊಡೆದ ಸಿಳ್ಳೆ ಗುಡಗೇರಿ ಸ್ಟೇಷನ್ನಿಗೆ ಕೇಳಿಸಿರಬೇಕು. ನಿರ್ದೇಶಕರೂ ನಕ್ಕರು, ಆಮೇಲೆ ತಲೆ ಕೆರೆದುಕೊಂಡರು.

"ತುಂಬಾ ಚೆನ್ನಾಗಿದೆ ಮೇಡಂ. ಆದರೆ ಇಟ್ಟುಕೊಳ್ಳೋಕೆ ಆಗಲ್ಲ. ಇವರು ಹೀಗೆ ನಿಂತರೆ ಹೀರೋ ಬಂದು ಏನು ಮಾಡಬೇಕು?"

ಅಲ್ಲಿ ನನಗೆ ಸಿನಿಮಾದ ಗುಟ್ಟು ತಿಳಿಯಿತು. ಎಂ.ಎ.ಯ ಎರಡು ವರ್ಷದಲ್ಲಿ ತಿಳಿಯದ್ದು ಆ ಒಂದು ಮಾತಿನಲ್ಲಿ ತಿಳಿಯಿತು. ಬಿದ್ದವರಿಲ್ಲದಿದ್ದರೆ ಎತ್ತುವವನಿಗೆ ಕೆಲಸವಿಲ್ಲ. ಸಾಹುಕಾರನ ಮಗ ಒಳ್ಳೆಯವನೆಂದು ತೋರಿಸಬೇಕಾದರೆ ನಮ್ಮವ್ವ ಮಣ್ಣು ಮುಕ್ಕಬೇಕು. ಅಪ್ಪ ಕುಡಿಯಬೇಕು, ಹುಡುಗಿ ಫೋನಿಗೆ ಅಂಜಬೇಕು, ಕೆಮ್ಮಿಲ್ಲದವರು ಕೆಮ್ಮಬೇಕು. ನಮಗೆ ನಮ್ಮ ಕಾಲ ಮೇಲೆ ನಿಲ್ಲಲು ಬರುತ್ತದೆಂದು ತೋರಿಸಿದರೆ ಅವರ ಪ್ರೀತಿಯೇ ನಿಲ್ಲುವುದಿಲ್ಲ. ಇಷ್ಟನ್ನು ಆತನಿಗೆ ಹೇಳಿದೆ ಕೂಡ, ಇನ್ನೂ ಒರಟಾಗಿ ಹೇಳಿದೆ. ಆತ, "ನಾನು ಬರೆದ ಕಥೆ ಅಲ್ಲ ಮೇಡಂ" ಅಂದ. ನಾನು ಅವ್ವನಿಗೆ ಅಂದದ್ದೂ ಅದನ್ನೇ ಅಲ್ಲವೇ?

ಅವ್ವ ಕಾಯಲಿಲ್ಲ. ತನ್ನ ಇಳಕಲ್ ಸೀರೆಯನ್ನು ಒಳಗಿನಿಂದ ತಂದು ಬಗಲಲ್ಲಿ ಇಟ್ಟುಕೊಂಡು, ಊರಾಚೆ ಕಟ್ಟಿದ್ದ ಹೀರೋಯಿನ್ನಿನ ಗುಡಿಸಲಿಗೆ ನಡೆದಳು. ನಾನು ಬೆನ್ನು ಹತ್ತಿದೆ. ಕೌದಿ ಅಲ್ಲಿತ್ತು. ಎಂಥ ಕೌದಿ! ಚಂದ ಕಾಣುತ್ತಿದ್ದದ್ದೇ ಅದರ ತಪ್ಪಾಗಿತ್ತು. ಬಡವರ ಮನೆಯದ್ದೆಂದು ಕಾಣಲೆಂದು ಅದರ ಅಂಚು ಹರಿದು, ಕೆಸರು ಹಚ್ಚಿ, ನಟ್ಟನಡುವೆ ಹೊಟ್ಟೆಗೇ ಬ್ಲೇಡು ಎಳೆದಿದ್ದರು. ಅಜ್ಜಿಯ ಹಸಿರು ಸೀರೆ ಈ ಕಡೆಯಿಂದ ಆ ಕಡೆಗೆ ಬಾಯಿ ಬಿಟ್ಟಿತ್ತು.

ಅವ್ವ ಅಳದ ಹೆಂಗಸು. ಅವತ್ತು ಗುಡಿಸಲಿನ ನೆಲಕ್ಕೆ ಕುಕ್ಕರಿಸಿ, ಅದನ್ನು ತೊಡೆಯ ಮೇಲೆ ಹಾಕಿಕೊಂಡು ಅತ್ತಳು. ನಾನು ಬಾಜು ಕೂತೆ. "ತಪ್ಪಾತಬೇ" ಅಂದೆ ಅಷ್ಟೇ. ಅವ್ವ ಕಣ್ಣು ಒರೆಸಿಕೊಂಡು, "ಏಳು, ಸೂಜಿ ದಾರಾ ಐತಿಲ್ಲ ಮನ್ಯಾಗ?" ಅಂದಳು.

ಮೈಮೇಲಿದ್ದ ಸಿನಿಮಾದ ಸೀರೆಯನ್ನು ಕೇಳಲು ಯಾರೂ ಬರಲಿಲ್ಲ. ಅವ್ವ ಅದನ್ನು ಒಗೆದು, ಗಟ್ಟಿ ಇದ್ದ ಕಡೆ ಕತ್ತರಿಸಿ, ಕೌದಿಯ ಗಾಯಕ್ಕೆ ಹಚ್ಚಿದಳು. ಹಚ್ಚುವ ಮೊದಲು ಹೊಸದಾಗಿ ಒಂದು ಚೂರು ಚಪಾತಿ ಇಟ್ಟಳು. ಮುಂದಿನ ಹಂಗಾಮಿಗೆ ಗೌಡರ ಹೊಲದಿಂದ ಕರೆ ಬರಲಿಲ್ಲ. ಅದರ ಮುಂದಿನ ಹಂಗಾಮಿಗೂ ಬರಲಿಲ್ಲ. ದಿನಾ ಮುಂಜಾನೆ ಟಂಟಂ ಆಟೋದಲ್ಲಿ ಕುಬಿಹಾಳದ ಕಡೆಗೆ ಹೋಗಿ ದುಡಿದಳು, ಬೆನ್ನು ಹಿಡಿದುಕೊಂಡು ಬಂದಳು, ಒಂದು ದಿನ ಕೂಡ ನನ್ನ ಮೇಲೆ ಮಾತು ಹಾರಿಸಲಿಲ್ಲ. ಮೂರನೆಯ ವರ್ಷ ಗೌಡರು ತಾವೇ ಹೇಳಿ ಕಳಿಸಿದರು. ಅವ್ವನ ಹಾಗೆ ಉಳ್ಳಾಗಡ್ಡಿ ಕಸ ತೆಗೆಯುವವರು ಅವರಿಗೂ ಸಿಕ್ಕಿರಲಿಲ್ಲ. ಹೋದಳು. ವಾಡೆಯ ಮುಂದಿನ ಹಾದಿಯಲ್ಲೇ ಹೋದಳು, ಚಪ್ಪಲಿ ಮೆಟ್ಟಿಕೊಂಡು.

ಆ ಸಿನಿಮಾ ಟಿವಿಯಲ್ಲಿ ಬಂದದ್ದು ಹೋದ ವರ್ಷ, ಒಂದು ರವಿವಾರ ಮಧ್ಯಾಹ್ನ. ಅವ್ವ ಅದೇ ಕೌದಿಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಗುಡಿಸಲಿನಲ್ಲಿ ನಮ್ಮ ಕೌದಿ ಕಂಡಿತು, ಗಾಯದ ಸಮೇತ. ಆಮೇಲೆ ವಾಡೆಯ ಅಂಗಳ. ಪರ ಊರಿನಿಂದ ಯಾರನ್ನೋ ಕರೆಸಿ ಆ ದೃಶ್ಯ ಮತ್ತೆ ತೆಗೆದಾಗ ನಾವಿಬ್ಬರೂ ಆ ಕಡೆ ಸುಳಿದಿರಲಿಲ್ಲ. ಯಾರೋ ಒಬ್ಬಳು ಹೆಂಗಸು, ನಮ್ಮ ಕಡೆಯವಳೇ ಇರಬೇಕು, ಹರಿದ ಸೀರೆ ಉಟ್ಟು, ಕೆಮ್ಮುತ್ತಾ ಓಡಿ ಬಂದು ಆ ಮಣ್ಣಿನಲ್ಲಿ ಉದ್ದಕ್ಕೆ ಬಿದ್ದಳು. "ನಾವು ನಿಮ್ಮ ಹೊಸ್ತಲ ಧೂಳ್ರಿ ಎಪ್ಪಾ." ಒಂದು ಅಕ್ಷರ ಬಿಡದೆ ಹೇಳಿದಳು. ಚೆನ್ನಾಗಿ ಹೇಳಿದಳು.

ಅವ್ವನ ಕೈ ನಿಂತಿತು.

"ಏಳ ಬೇ ಯವ್ವಾ, ಏಳು" ಅಂದಳು ಟಿವಿಯೊಳಗಿನ ಹೆಂಗಸಿಗೆ. ಆಮೇಲೆ ನನ್ನ ಕಡೆ ತಿರುಗಿ, "ಪಾಪ, ಬ್ಯಾರೆ ಮಾತ ಬರದ ಕೊಡಾಕ ಆಕಿ ಬಾಜು ಯಾರೂ ಇರಲಿಲ್ಲ ಕಾಣ್ತೈತಿ" ಅಂದಳು.

ಕೊನೆಯಲ್ಲಿ ಸಾಲುಸಾಲಾಗಿ ಹೆಸರು ಬಂದವು. ನನ್ನದೂ ಬಂತು, ತಪ್ಪಿಲ್ಲದೆ ಬಂತು. "ನಿಂದೈತೇನ ಅದರಾಗ?" ಎಂದು ಕೇಳಿದಳು. ಐತಿ ಅಂದೆ. ಅವ್ವ ಹೂಂ ಅಂದು ಮತ್ತೆ ಶೇಂಗಾ ಸುಲಿದಳು.

ಆ ಹೆಂಗಸು ಯಾರೋ ನನಗೆ ಗೊತ್ತಿಲ್ಲ. ಅವಳ ಮಗಳು ಅದನ್ನು ನೋಡಿದಳೋ ಇಲ್ಲವೋ, ಅದೂ ಗೊತ್ತಿಲ್ಲ. ಟಿವಿಯಲ್ಲಿ ಆ ಸಿನಿಮಾ ಬಂದಾಗಲೆಲ್ಲ ಅವಳು ನನ್ನ ಮಾತು ಹೇಳಿಕೊಂಡು ಬೀಳುತ್ತಾಳೆ, ನಾನು ಎತ್ತಲಾರೆ. ಅದಕ್ಕೇ ಅವ್ವ ನಿಂತು ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ. ಸಿನಿಮಾದವರು ಬಿಸಾಕಿದ ಆ ಮಾತು ಆ ಹೆಂಗಸಿಗೂ ಬರುತ್ತಿತ್ತು. ಅವಳನ್ನೂ ಯಾರೂ ಕೇಳಲಿಲ್ಲ, ಅಷ್ಟೇ.